ಮೆಟ್ಟಿಲ ಹಾಸಿನ ಲೆಕ್ಕ

ನಮ್ಮ ಹರಪನಹಳ್ಳಿಯಂತಹ ಊರುಗಳಲ್ಲಿ ಮಣ್ಣಿನ ಮಾಳಿಗೆಗಳು ಹೋಗಿ ಮಹಡಿಯ ಮನೆಗಳು ಬಂದ ಮೇಲೆ, ಗೃಹಸ್ಥನ ವೆಚ್ಚದ ಪಟ್ಟಿಗೆ ಹಿಂದೆ ಇಲ್ಲದಿದ್ದ ಬಾಬೊಂದು ಸೇರಿಕೊಂಡಿರುವುದು. ತಲೆಬಾಗಿಲಿನಿಂದ ಪಡಸಾಲೆಗೆ ಹೋಗುವ ಒಳದಾರಿಗೂ, ಅಲ್ಲಿಂದ ಮಹಡಿಗೆ ಏರುವ ಮೆಟ್ಟಿಲುಗಳಿಗೂ ರತ್ನಗಂಬಳಿಯನ್ನು ಹಾಸಬೇಕೆಂಬ ಆಶೆಯೇ ಅದು. ಮದುವೆಯೋ ಗೃಹಪ್ರವೇಶವೋ ಸಮೀಪಿಸಿದಾಗ ಈ ಆಶೆಯು ಪ್ರಬಲವಾಗುವುದು. ನಯಮಾಡಿದ ಕಲ್ಲಿನ ನೆಲವು ನೋಡುವುದಕ್ಕೆ ಕನ್ನಡಿಯಂತಿದ್ದರೂ ಒದ್ದೆಗಾಲಿಗೆ ಶತ್ರುವಾದುದರಿಂದ, ಇದನ್ನು ಬರಿಯ ಆಡಂಬರವೆಂದು ತಳ್ಳಿಬಿಡುವುದಕ್ಕೂ ಬರುವುದಿಲ್ಲ. ಆದರೆ ಲೆಕ್ಕ ಹಾಕುವ ಕ್ರಮದಲ್ಲಿ ಬಹುಜನರು ತಪ್ಪುವರು. ನಾವೂ ತಪ್ಪಿದೆವು. ಬಹುಕಾಲ ಹುಡುಗರಿಗೆ ವ್ಯಾಕರಣದ ಜೊತೆಗೆ ತ್ರೈರಾಶಿಕವನ್ನೂ ಹೇಳಿಕೊಟ್ಟ ನಮಗೆ ಸ್ವಂತ ಮನೆಯ ಹದಿನಾಲ್ಕು ಮೆಟ್ಟಿಲುಗಳ ಲೆಕ್ಕವು ಬರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಂಡೇ ಮುಂದುವರಿಯುವೆವು.

ಹೋದ ವರ್ಷ ಬೀಗರಾಗುವವರು ಮನೆ ನೋಡಲು ಬರುವರೆಂದು ಅವಸರದಲ್ಲಿ ಈ ಕಾರ್ಯಕ್ಕೆ ಕೈ ಹಾಕಿದೆವು. ಒಳದಾರಿಯ ಉದ್ದ ೧೬ ಅಡಿ. ಮೆಟ್ಟಿಲುಗಳು ೧೪, ಒಂದೊಂದರ ಮೇಲೆ ಕಾಲಿಡುವ ಸ್ಥಳ ೧೦ ಅಂಗುಲ. ಮೇಲಿನ ಸಮತಳಕ್ಕೆ ೩ ಅಡಿ. ಕೂಡಿಸಿದರೆ ಹೆಚ್ಚುಕಡಿಮೆ ೩೧ ಅಡಿಯಾಯಿತು. ಅಷ್ಟನ್ನೇ ತಂದೆವು. ಹಾಸುವ ಆಳು ಬಂದು ಐದು ನಿಮಿಷದಲ್ಲಿ ನಕ್ಕನು. ಮೆಟ್ಟಿಲಿಗೆ ಅಗಲದಂತೆಯೇ ಎತ್ತರವೂ ಉಂಟೆಂಬುದನ್ನು ನಾವು ಮರೆತಿದ್ದೆವು! ಕಾಲಿಡುವ ಸ್ಥಳ ೧೦ ಅಂಗುಲ, ನಿಲುವು ೭ ಅಂಗುಲ, ಮುಂದಕ್ಕೆ ಚಾಚಿದ ಅಂಚನ್ನು ಬಳಸಿಬರುವುದಕ್ಕೆ ೧ ಅಂಗುಲ. ಹೀಗೆ ಮೆಟ್ಟಿಲೊಂದಕ್ಕೆ ಒಂದೂವರೆ ಅಡಿಯಂತೆ ಹದಿನಾಲ್ಕಕ್ಕೆ ೨೧ ಅಡಿ ಬೇಕು. ಸಮತಳವೂ ಒಳದಾರಿಯೂ ಸೇರಿ ೪೦ ಅಡಿ. ಇದರ ಮೇಲೆ ಇನ್ನೂ ಒಂದೂವರೆ ಅಡಿಯನ್ನು ಹೆಚ್ಚಾಗಿ ಕೊಳ್ಳತಕ್ಕದ್ದೆಂದು ತಿಳಿದವರು ಹೇಳುವರು. ಕಾರಣವೇನೆಂದರೆ, ಮೆಟ್ಟಿಲ ಹಾಸು ಸವೆಯುವುದು ಅಂಚಿನ ಮೇಲೆ ಮಾತ್ರ. ಹೆಚ್ಚಿನ ಭಾಗವನ್ನು ಮೇಲ್ತುದಿಯಲ್ಲಿ ಮಡಿಸಿಟ್ಟುಕೊಂಡು, ವರ್ಷಕ್ಕೊಮ್ಮೆ ನಾಲ್ಕು ಅಂಗುಲದಷ್ಟು ಕೆಳಕ್ಕೆ ಸರಿಸಿದರೆ ಸವೆದ ಭಾಗವು ನಿಲುವಿಗೆ ಇಳಿಯುವುದು, ಸವೆಯದ ಭಾಗವು ಅಂಚಿಗೆ ಬರುವುದು. ಅಡಿಗೆ ನೂರು ರೂಪಾಯಿಯೆಂದು ಇಟ್ಟುಕೊಂಡರೂ ನಮ್ಮ ಅಂದಾಜಿಗೂ ನಿಜವಾದ ವೆಚ್ಚಕ್ಕೂ ಸಾವಿರಕ್ಕೆ ಮೇಲ್ಪಟ್ಟು ಅಂತರ ಬಂದಿತು.

ಇಲ್ಲಿಗೇ ನಿಂತಿದ್ದರೆ ಇದು ನಗೆಯ ಪ್ರಸಂಗವಾಗಿಯೇ ಉಳಿಯುತ್ತಿತ್ತು. ಕಡಿಮೆ ಬಿದ್ದುದನ್ನು ತಂದು ಮೆಟ್ಟಿಲಿನ ಮಧ್ಯದಲ್ಲಿ ಜೋಡಿಸಿದೆವು. ಕಲ್ಲಿಗೆ ರಂಧ್ರ ಕೊರೆದು, ಪ್ರತಿ ಮೆಟ್ಟಿಲಿನ ಒಳಮೂಲೆಯಲ್ಲಿ ಒಂದೊಂದು ಹಿತ್ತಾಳೆಯ ಸರಳನ್ನು ಕೊಂಡಿಗಳಿಂದ ಬಿಗಿಯಬೇಕೆಂದು ಆಳು ಹೇಳಿದನು. ೧೪ ಸರಳು, ೨೮ ಕೊಂಡಿ, ಕೊರೆಯುವ ಕೂಲಿ ಬೇರೆ. ಹಾಸಿನ ಬೆಲೆಯ ಹತ್ತಿರ ಹತ್ತಿರ ಅದೂ ಆಗುವುದೆಂದು ಕೇಳಿ ನಮಗೆ ಕೋಪವೇ ಬಂದಿತು. ಮೇಲೊಂದು ಕೆಳಗೊಂದು ಪಟ್ಟಿಯನ್ನು ಬಿಗಿದು, ನಡುವೆ ಅಂಟು ಬಳಿದರೆ ಸಾಕೆಂದೆವು. ಬೀಗರು ಬಂದರು, ಮೆಚ್ಚಿದರು, ಹೋದರು. ಐದನೆಯ ದಿನ ಬೆಳಗಿನ ಜಾವದಲ್ಲಿ ನಮ್ಮ ಅಕ್ಕನವರು ಕೈಯಲ್ಲಿ ತಂಬಿಗೆ ಹಿಡಿದು ಇಳಿಯುತ್ತಿರುವಾಗ ಜೋಡಣೆಯ ಸ್ಥಳದಲ್ಲಿ ಹಾಸು ಜಾರಿತು. ಆರು ಮೆಟ್ಟಿಲುಗಳಷ್ಟು ಕೆಳಕ್ಕೆ ಬಂದರು. ಬಲಗೈ ಮಣಿಕಟ್ಟಿನ ಎಲುಬು ಮುರಿಯಿತು. ಎಪ್ಪತ್ತರ ಮೇಲಿನ ವಯಸ್ಸು. ಆರು ವಾರ ಕಟ್ಟಿನಲ್ಲಿದ್ದರು. ಆ ಆರು ವಾರವೂ ಅವರಿಗೆ ತಾವೇ ಜಡೆ ಹಾಕಿಕೊಳ್ಳಲಾಗಲಿಲ್ಲ, ಕಲಸಿ ಉಣ್ಣಲಾಗಲಿಲ್ಲ. ನಮ್ಮನ್ನು ಅವರು ಬೈಯಲಿಲ್ಲ. “ಕಲ್ಲಿದ್ದಾಗ ಕಲ್ಲೈತೆ ಅಂತ ನೋಡಿಕೊಂಡು ಇಳೀತಿದ್ದೆ, ತಮ್ಮಾ. ಹಾಸೈತೆ ಅಂತ ನಂಬಿ ಕಾಲಿಟ್ಟೆ” ಎಂದಷ್ಟೇ ಅಂದರು. ಉಳಿಸಿದ ಹಣವೆಷ್ಟು, ಎಲುಬಿನ ವೈದ್ಯಕ್ಕೆ ತೆತ್ತ ಹಣವೆಷ್ಟು ಎಂಬುದನ್ನು ನಾವು ಲೆಕ್ಕದ ಪುಸ್ತಕದಲ್ಲಿ ಎದುರುಬದುರಾಗಿ ಬರೆದಿಟ್ಟಿರುವೆವು. ಇಲ್ಲಿ ಬರೆಯಲು ನಾಚಿಕೆಯಾಗುವುದು.

ಆದುದರಿಂದ ಈ ವೆಚ್ಚಕ್ಕೆ ಪಟ್ಟಿ ಹಾಕುವ ಗೃಹಸ್ಥರು ಅದನ್ನು ತಲೆಕೆಳಗು ಮಾಡಿ ಬರೆಯಬೇಕೆಂದು ನಮ್ಮ ಅಭಿಪ್ರಾಯ. ಮೊದಲನೆಯ ಸಾಲಿನಲ್ಲಿ ಕೈಪಿಡಿಯ ಕಂಬಿ ಮತ್ತು ಮೆಟ್ಟಿಲಿನ ಮೇಲೊಂದು ದೀಪ. ಎರಡನೆಯದರಲ್ಲಿ ಬಿಗಿಯುವ ಸಾಮಗ್ರಿ, ಕೂಲಿ. ಬಟ್ಟೆಯ ಬೆಲೆ ಮೂರನೆಯದು. ಮೊದಲಿನ ಎರಡಕ್ಕೆ ಹಣ ಸಾಲದಿದ್ದರೆ ಮೂರನೆಯದನ್ನು ಕೊಳ್ಳಲೇಬಾರದು. ಅಂಟನ್ನು ನಂಬತಕ್ಕದ್ದಲ್ಲ. ನಮ್ಮ ಕಡೆಯ ಬೇಸಗೆಗೆ ಅದು ಸಡಿಲುವುದು, ಕಿತ್ತಾಗ ಕಲ್ಲಿನ ಮೇಲೆ ಕಲೆ ಉಳಿಯುವುದು. ಮರದ ಮೆಟ್ಟಿಲಾದರೆ ಮೊಳೆಗಳೇ ಹಿಡಿದಾವು. ಕಲ್ಲಿಗೆ ಸರಳುಗಳೇ ಗತಿ. ವರ್ಷವರ್ಷ ಸರಿಸುವ ಉಪಾಯವೂ ಸರಳಿದ್ದರೆ ಮಾತ್ರ ಸಾಧ್ಯ.

ಇನ್ನು ಬಟ್ಟೆಯ ವಿಚಾರ. ಅಮರಸಿಂಹನು ಆಸ್ತರಣ, ಕುಥ ಎಂಬ ಶಬ್ದಗಳನ್ನು ಆನೆಯ ಬೆನ್ನಿನ ಹಾಸಿಗೆ ಹೇಳಿರುವನು. ಆನೆ ಜಾರಿ ಬೀಳದೆಂಬ ಧೈರ್ಯವಿದ್ದವರು ಚಿತ್ರಗಂಬಳಿಯನ್ನು ಅಲ್ಲಿ ಹಾಸಿದರು. ನಾವು ಅದನ್ನು ಕಾಲಕೆಳಗೆ ತಂದಿರುವೆವು! ಅಸ್ತು. ಜುಂಗುಳ್ಳ ರತ್ನಗಂಬಳಿಯು ಮೆತ್ತಗಿರುವುದು ನಿಜ, ಆದರೆ ನಮ್ಮ ಸೀಮೆಯ ಧೂಳೆಲ್ಲವನ್ನೂ ಬುಡದಲ್ಲಿ ಹಿಡಿದಿಟ್ಟುಕೊಳ್ಳುವುದು. ಅಂತಹದನ್ನೇ ಕೊಳ್ಳುವವರು ಕೈಯಿಂದ ಸವರಿ, ಜುಂಗು ಯಾವ ಕಡೆಗೆ ಮಲಗುವುದೆಂದು ನೋಡಿ, ಅದು ಕೆಳಮುಖವಾಗಿರುವಂತೆ ಮೆಟ್ಟಿಲಿಗೆ ಹಾಸಬೇಕು.

ಒಳದಾರಿಗೆ ನಾವು ಆರಿಸುವುದಾದರೆ ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಯನ್ನೇ. ಹತ್ತಿಯ ನೂಲಿನದು, ಅಲ್ಲಿಯ ಮುಸಲ್ಮಾನ ಮನೆತನಗಳ ಹೆಂಗಸರು ನಿಲುವು ಮಗ್ಗದ ಮೇಲೆ ನೇಯತಕ್ಕದ್ದು. ಈ ವಿದ್ಯೆಯನ್ನು ಪರರಿಗೆ ತಿಳಿಸದೆ ಮನೆಯೊಳಗೇ ಕಾಪಾಡಿಕೊಂಡು ಬಂದವರು ಅವರು. ನವಿಲು, ಪಗಡೆಯ ಪಟ ಮುಂತಾದ ಚಿತ್ರಗಳು ಅದರಲ್ಲಿ ಪ್ರಸಿದ್ಧ. ಭೌಗೋಳಿಕ ಸೂಚಕದ ಮಾನ್ಯತೆಯೂ ಅದಕ್ಕೆ ಉಂಟು. ಜುಂಗಿಲ್ಲದ್ದರಿಂದ ಅಂಗಳಕ್ಕೆ ಒಯ್ದು ಕೊಡವಿದರೆ ಧೂಳು ಹೋಗುವುದು. ಬೆಲೆ ಸ್ವಲ್ಪ ಹೆಚ್ಚೇ ಸರಿ. ನೇಯ್ದ ಕೈಗಳ ಕೂಲಿ ಅದು. ನಮ್ಮ ನೆರೆಯ ಕುರುಬರು ಕರಿಯ ಉಣ್ಣೆಯಿಂದ ನೇಯ್ದು ಹುಣಿಸೆಬೀಜದ ಗಂಜಿಯನ್ನು ಕುಡಿಸಿದ ಕಂಬಳಿಯನ್ನು ಮೆಟ್ಟಿಲಿಗೆ ಹಾಸಬಹುದೇ ಎಂದು ಕೆಲವರು ಕೇಳಿದರು. ಬಾರದು.  ಹಿರಿಯರನ್ನು ಕೂಡಿಸಿ ಗೌರವಿಸುವ ಹಾಸನ್ನು ತುಳಿಯುವುದಕ್ಕೆ ನಮಗೆ ಮನಸ್ಸು ಬಾರದು. ತೆಂಗಿನ ನಾರಿನ ಹಾಸು ಒರಟಾದರೂ ಬಾಗಿಲ ಬಳಿಗೆ ಅದಕ್ಕಿಂತ ಮೇಲಾದುದಿಲ್ಲ. ಧೂಳನ್ನು ಅಲ್ಲಿಯೇ ತಡೆದರೆ ಜಮಖಾನೆಯ ಆಯುಸ್ಸು ಹೆಚ್ಚುವುದು. ಆದರೆ ಕೊಳ್ಳುವ ಮೊದಲು ಕದವನ್ನು ಪೂರ್ತಿ ತೆರೆದು, ಅದರ ಕೆಳಗೆ ಎಷ್ಟು ಸಂದು ಇರುವುದೆಂದು ಅಳೆಯಿರಿ.

ನಮ್ಮ ಮೆಟ್ಟಿಲುಗಳು ಸದ್ಯಕ್ಕೆ ಬರಿಗಲ್ಲಾಗಿಯೇ ಇರುವುವು. ಅಂಟಿನ ಕಲೆ ಇನ್ನೂ ಹೋಗಿಲ್ಲ. ಈ ಸಲ ಮೊದಲು ಕೈಪಿಡಿಯ ಕಂಬಿಯನ್ನು ಹಾಕಿಸಿದೆವು, ದೀಪವೂ ಬಂದಿರುವುದು. ಸರಳುಗಳಿಗೆಂದು ತಿಂಗಳು ತಿಂಗಳು ನಿವೃತ್ತಿವೇತನದಿಂದ ಸ್ವಲ್ಪ ಸ್ವಲ್ಪ ತೆಗೆದಿಡುತ್ತಿರುವೆವು. ಅಕ್ಕನವರು ಎಡಗೈಯಿಂದ ಕಂಬಿಯನ್ನು ಹಿಡಿದು ಇಳಿಯುವರು. ತಂಬಿಗೆಯನ್ನು ಮಾತ್ರ ಈಗ ಮೊಮ್ಮಗಳು ಹಿಂದಿನಿಂದ ತರುವಳು.