ಟೆರೇಸ್ ಮೇಲೆ ಟೆಲಿಸ್ಕೋಪ್ ಇದೆಯಾ? ಕ್ಯಾಮೆರಾ ಕೊಳ್ಳುವ ಮುನ್ನ ಈ ಲೆಕ್ಕ ಹಾಕಿ

ಬೆಂಗಳೂರು: ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ನ ಟೆರೇಸ್‌ನಲ್ಲಿ ಟೆಲಿಸ್ಕೋಪ್ ಇಟ್ಟರೆ ಚಂದ್ರ, ಗುರು, ಶನಿ ಚೆನ್ನಾಗಿಯೇ ಕಾಣಿಸ್ತವೆ. ಮುಂದಿನ ಆಸೆ ಗ್ಯಾಲಕ್ಸಿ, ನೆಬ್ಯುಲಾಗಳ ಫೋಟೊ ತೆಗೆಯೋದು. ಅದಕ್ಕೆ ಬೇಕಾದ ಕೂಲಿಂಗ್ ಇರುವ ಕ್ಯಾಮೆರಾಕ್ಕೆ ಒಂದು ಸ್ಕೂಟರ್‌ನಷ್ಟು ದುಡ್ಡು ಬೀಳುತ್ತೆ. ಅಷ್ಟು ಕೊಟ್ಟ ಮೇಲೂ ಚಿತ್ರ ಮಸುಕು ಬಂದರೆ? ಹಾಗಾಗಬಾರದು ಅಂದ್ರೆ ಮೆಗಾಪಿಕ್ಸೆಲ್ ಕೇಳುವ ಬದಲು ಪಿಕ್ಸೆಲ್ ಗಾತ್ರ ಕೇಳಬೇಕು.

ಲೆಕ್ಕ ಹೇಗೆ?

ಪಿಕ್ಸೆಲ್ ಗಾತ್ರವನ್ನು (ಮೈಕ್ರಾನ್) 206ರಿಂದ ಗುಣಿಸಿ, ಟೆಲಿಸ್ಕೋಪಿನ ಫೋಕಲ್ ಲೆಂತ್‌ನಿಂದ (ಮಿಲಿಮೀಟರ್) ಭಾಗಿಸಿ. ಒಂದು ಪಿಕ್ಸೆಲ್ ಆಕಾಶದ ಎಷ್ಟು ಆರ್ಕ್‌ಸೆಕೆಂಡ್ ನೋಡುತ್ತೆ ಅನ್ನೋದು ಸಿಗುತ್ತೆ. ಒಂದು ಡಿಗ್ರಿಯ 3,600ನೇ ಭಾಗವೇ ಆರ್ಕ್‌ಸೆಕೆಂಡ್. ಹುಣ್ಣಿಮೆ ಚಂದ್ರನ ಅಗಲ ಸುಮಾರು 1,800 ಆರ್ಕ್‌ಸೆಕೆಂಡ್.

ಹವ್ಯಾಸಿಗಳಲ್ಲಿ ಜನಪ್ರಿಯವಾದ 8 ಇಂಚಿನ ಸ್ಮಿತ್-ಕ್ಯಾಸಿಗ್ರೇನ್ ಟೆಲಿಸ್ಕೋಪಿನ ಫೋಕಲ್ ಲೆಂತ್ 2,032 ಮಿ.ಮೀ. ಅದಕ್ಕೆ 2.9 ಮೈಕ್ರಾನ್ ಪಿಕ್ಸೆಲ್‌ನ ಸೋನಿ ಐಎಂಎಕ್ಸ್585 ಸೆನ್ಸರ್ ಹಾಕಿದರೆ ಪ್ರತಿ ಪಿಕ್ಸೆಲ್‌ಗೆ 0.29 ಆರ್ಕ್‌ಸೆಕೆಂಡ್. 3.76 ಮೈಕ್ರಾನ್‌ನ ಐಎಂಎಕ್ಸ್533 ಅಥವಾ ಐಎಂಎಕ್ಸ್571 ಹಾಕಿದರೆ 0.38.

ಹಾನ್ಲೆಯ ಲೆಕ್ಕ ಜಯನಗರದಲ್ಲಿ ನಡೆಯಲ್ಲ

0.29 ಅಂದ್ರೆ ಎಷ್ಟು ಸೂಕ್ಷ್ಮ ಗೊತ್ತಾ? ಬಿಟಿಎಂ ಪಕ್ಕದ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ ಲಡಾಖ್‌ನ ಹಾನ್ಲೆಯಲ್ಲಿ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಅದನ್ನು ಹೊಸಕೋಟೆಯ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸ್ತಾರೆ. ಅದರ ಮುಖ್ಯ ಉಪಕರಣವೊಂದರಲ್ಲಿ ಒಂದು ಪಿಕ್ಸೆಲ್ ನೋಡುವುದು 0.296 ಆರ್ಕ್‌ಸೆಕೆಂಡ್. ಅಂದ್ರೆ ಟೆರೇಸಿನ ಆ ಚಿಕ್ಕ ಕ್ಯಾಮೆರಾ ಆಕಾಶವನ್ನು ಹಾನ್ಲೆಯಷ್ಟೇ ಸಣ್ಣಗೆ ಹೆಚ್ಚುತ್ತೆ!

ಆದರೆ ಗಾಳಿ ಹಾನ್ಲೆಯದಲ್ಲ. ಅಲ್ಲಿ ಸುಮಾರು 4,500 ಮೀಟರ್ ಎತ್ತರ, ಒಣ ಹವೆ. ಒಳ್ಳೆಯ ರಾತ್ರಿ ನಕ್ಷತ್ರ 1 ಆರ್ಕ್‌ಸೆಕೆಂಡ್ ಆಸುಪಾಸಿನ ಚುಕ್ಕೆಯಾಗಿ ಕೂರುತ್ತೆ. ಇಲ್ಲಿ ಹಗಲೆಲ್ಲ ಕಾದ ಕಾಂಕ್ರೀಟ್ ರಾತ್ರಿ ಬಿಸಿ ಬಿಡ್ತಾ ಇರುತ್ತೆ, ಗಾಳಿ ಕದಡುತ್ತೆ. ನಕ್ಷತ್ರ 3 ಆರ್ಕ್‌ಸೆಕೆಂಡ್‌ಗೆ ಹರಡಿತು ಅಂತಿಟ್ಟುಕೊಳ್ಳಿ. 0.29ರ ಲೆಕ್ಕದಲ್ಲಿ ಅದು ಹತ್ತು ಪಿಕ್ಸೆಲ್ ಅಗಲ. ಒಂದೇ ನಕ್ಷತ್ರದ ಬೆಳಕು ಎಂಬತ್ತು ಪಿಕ್ಸೆಲ್‌ಗೆ ಹಂಚಿಹೋಗುತ್ತೆ. ಒಂದು ಕಾಫಿಯನ್ನು ಬೈ-ಟು ಮಾಡಬಹುದು. ಎಂಬತ್ತು ಲೋಟಕ್ಕೆ ಸುರಿದರೆ ಲೋಟ ಒದ್ದೆಯಾಗುತ್ತೆ ಅಷ್ಟೇ, ಕುಡಿಯೋಕೆ ಏನೂ ಸಿಗಲ್ಲ. ಮಂದವಾದ ಗ್ಯಾಲಕ್ಸಿಯ ಗತಿಯೂ ಇದೇ.

ಹಾಗಾದ್ರೆ ಏನು ಮಾಡಬೇಕು?

ನಕ್ಷತ್ರದ ಹರಡುವಿಕೆಯನ್ನು ಎರಡರಿಂದ ಮೂರರಲ್ಲಿ ಭಾಗಿಸಿದರೆ ಬೇಕಾದ ಅಳತೆ ಸಿಗುತ್ತೆ. 3 ಆರ್ಕ್‌ಸೆಕೆಂಡ್ ಗಾಳಿಗೆ ಪ್ರತಿ ಪಿಕ್ಸೆಲ್‌ಗೆ 1ರಿಂದ 1.5 ಸಾಕು. 3.76 ಮೈಕ್ರಾನ್ ಸೆನ್ಸರ್ ಮುಂದೆ 0.63 ರೆಡ್ಯೂಸರ್ ಹಾಕಿದರೆ ಫೋಕಲ್ ಲೆಂತ್ ಸುಮಾರು 1,280ಕ್ಕೆ ಇಳಿದು ಅಳತೆ 0.6 ಆಗುತ್ತೆ. ಅಕ್ಕಪಕ್ಕದ ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡುವ 2×2 ಬಿನ್ನಿಂಗ್ ಮಾಡಿದರೆ 1.2. ಟೆರೇಸ್‌ಗೆ ಹೇಳಿ ಮಾಡಿಸಿದ ಅಳತೆ. ಮೌಂಟ್ ಸ್ವಲ್ಪ ತಪ್ಪು ಮಾಡಿದರೂ ಅಷ್ಟಾಗಿ ಎದ್ದು ಕಾಣಲ್ಲ.

ಸೆನ್ಸರ್ ಎಷ್ಟು ದೊಡ್ಡದಿರಬೇಕು?

ಐಎಂಎಕ್ಸ್533 ಸುಮಾರು 11.3 ಮಿ.ಮೀ. ಚೌಕ. ರೆಡ್ಯೂಸರ್ ಜತೆ ಅದರಲ್ಲಿ ಚಂದ್ರನ ಅಗಲದಷ್ಟು ಆಕಾಶ ಹಿಡಿಯುತ್ತೆ. ಎಂ51 ಗ್ಯಾಲಕ್ಸಿ, ಎಂ13 ನಕ್ಷತ್ರಗುಚ್ಛಕ್ಕೆ ಧಾರಾಳ. ಮಹಾವ್ಯಾಧದ ದೊಡ್ಡ ನೆಬ್ಯುಲಾ ಸುಮಾರು ಒಂದು ಡಿಗ್ರಿ ಅಗಲ, ಅದು ಇಡೀ ಕೂರಲ್ಲ. ಅಂಥದ್ದೇ ಬೇಕು ಅಂದ್ರೆ 23.5 ಮಿ.ಮೀ. ಅಗಲದ ಐಎಂಎಕ್ಸ್571 ನೋಡಬೇಕು. ಆದರೆ ಹಲವು ಟೆಲಿಸ್ಕೋಪ್‌ಗಳಲ್ಲಿ ದೊಡ್ಡ ಸೆನ್ಸರ್‌ನ ಮೂಲೆಯ ನಕ್ಷತ್ರಗಳು ಉದ್ದುದ್ದ ಎಳೆದುಕೊಳ್ತವೆ.

ಬಣ್ಣವೋ, ಕಪ್ಪು-ಬಿಳುಪೋ?

ಹೈಡ್ರೋಜನ್ ನೆಬ್ಯುಲಾದ ಕೆಂಪು ಬೆಳಕನ್ನು ಕಲರ್ ಸೆನ್ಸರ್‌ನಲ್ಲಿ ನಾಲ್ಕರಲ್ಲಿ ಒಂದು ಪಿಕ್ಸೆಲ್ ಮಾತ್ರ ಚೆನ್ನಾಗಿ ಹಿಡಿಯುತ್ತೆ. ಮೋನೊ ಸೆನ್ಸರ್‌ನಲ್ಲಿ ನಾಲ್ಕೂ ಹಿಡಿಯುತ್ತವೆ. ನಗರದ ಬೆಳಕಿನ ನಡುವೆ ಮೋನೊ ಮತ್ತು ಹೈಡ್ರೋಜನ್-ಆಲ್ಫಾ ಫಿಲ್ಟರ್ ಜೋಡಿ ಹೆಚ್ಚು ಕೆಲಸಕ್ಕೆ ಬರುತ್ತೆ. ಗ್ಯಾಲಕ್ಸಿಗೆ ಈ ಉಪಾಯ ನಡೆಯಲ್ಲ. ಅದರ ಬೆಳಕಿನಲ್ಲೂ ಎಲ್‌ಇಡಿ ಬೀದಿದೀಪದಂತೆ ಎಲ್ಲ ಬಣ್ಣ ಇರೋದರಿಂದ ಫಿಲ್ಟರ್‌ಗೆ ಎರಡನ್ನೂ ಬೇರ್ಪಡಿಸೋಕೆ ಆಗಲ್ಲ. ಗ್ಯಾಲಕ್ಸಿ ಬೇಕಿದ್ದರೆ ಊರಾಚೆ ಕತ್ತಲಿರುವ ಕಡೆಗೇ ಹೋಗಬೇಕು.

ಕೊಳ್ಳುವ ಮುನ್ನ

ಮನೆಯಲ್ಲಿ ಹಳೇ ಡಿಎಸ್‌ಎಲ್‌ಆರ್ ಇದ್ದರೆ ಮೊದಲು ಅದನ್ನೇ ಟೆಲಿಸ್ಕೋಪಿಗೆ ಕಟ್ಟಿ, ನಾಲ್ಕೈದು ರಾತ್ರಿ ನಕ್ಷತ್ರಗಳ ಫೋಟೊ ತೆಗೆಯಿರಿ. ಉಚಿತವಾಗಿ ಸಿಗುವ ಸಿರಿಲ್ ಸಾಫ್ಟ್‌ವೇರ್ ನಕ್ಷತ್ರ ಎಷ್ಟು ಹರಡಿದೆ ಅಂತ ಅಳೆದು ಹೇಳುತ್ತೆ. ಮಳೆಗಾಲದ ಮೋಡ ಕಳೆದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇದಕ್ಕೆ ಒಳ್ಳೆಯ ಕಾಲ. ಆ ಸಂಖ್ಯೆ ಕೈಯಲ್ಲಿ ಹಿಡಿದು ಅಂಗಡಿಗೆ ಹೋದರೆ ಯಾವ ಸೆನ್ಸರ್ ಬೇಕು ಅನ್ನೋದನ್ನು ಸೇಲ್ಸ್‌ನವರು ಹೇಳಬೇಕಾಗಿಲ್ಲ.