ಓದಿಸಿಕೊಳ್ಳುವ ಅಕ್ಷರ

ರಾಯಚೂರು ಜಿಲ್ಲೆಯ ಗೊರೇಬಾಳದ ಸುತ್ತಣ ಸೀಮೆಯು ಸಿಂಧನೂರು, ಮಸ್ಕಿ ಮತ್ತು ಲಿಂಗಸುಗೂರು ತಾಲ್ಲೂಕುಗಳಲ್ಲಿ ಹರಡಿಕೊಂಡಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಭತ್ತದ ಬೆಳೆಗೆ ಹೆಸರಾದ ಈ ನಾಡಿಗೆ ಅದಕ್ಕಿಂತ ಬಹಳ ಹಳೆಯದಾದ ಇನ್ನೊಂದು ಹೆಗ್ಗಳಿಕೆಯೂ ಉಂಟು. ಮಸ್ಕಿಯ ಬಂಡೆಯೊಂದರ ಮೇಲೆ ಮೌರ್ಯ ಚಕ್ರವರ್ತಿ ಅಶೋಕನ ಶಾಸನವಿದೆ. ಚಿನ್ನದ ಗಣಿಯ ಎಂಜಿನಿಯರಾಗಿದ್ದ ಸಿ. ಬೀಡನ್ ಎಂಬಾತನು 1915ರಲ್ಲಿ ಇದನ್ನು ಬೆಳಕಿಗೆ ತಂದನು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ದಂತಹ ಬಿರುದುಗಳು ಮಾತ್ರ ಕಾಣುತ್ತಿದ್ದವು. ಮಸ್ಕಿಯ ಬಂಡೆಯಲ್ಲಿ ಆ ಬಿರುದಿನೊಡನೆ ಅಶೋಕನ ಹೆಸರೂ ಕೊರೆಯಲ್ಪಟ್ಟಿದ್ದುದರಿಂದ, ಇಬ್ಬರೂ ಒಬ್ಬನೇ ಅರಸನೆಂಬುದು ಸ್ಥಿರಪಟ್ಟಿತು. ಆ ಹೆಸರಿನ ಮೂರು ನಾಲ್ಕು ಅಕ್ಷರಗಳು ಮಳೆಗಾಳಿಗೆ ಸವೆದು ಹೋಗಿದ್ದರೆ ಚರಿತ್ರಕಾರರಿಗೆ ಈ ಬಂಡೆಯಿಂದ ಆ ಪುರಾವೆ ದೊರೆಯುತ್ತಿರಲಿಲ್ಲ. ಅಕ್ಷರದ ಗೆರೆ ಸ್ಪಷ್ಟವಾಗಿ ಉಳಿಯುವುದಕ್ಕೂ ಅರ್ಥ ಉಳಿಯುವುದಕ್ಕೂ ಇರುವ ನಂಟು ಇಷ್ಟು ನಿಕಟವಾದುದು.

ಮಸ್ಕಿಯ ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅದರ ಅಕ್ಷರಗಳಲ್ಲಿ ನೇರ ಗೆರೆಗಳೇ ಹೆಚ್ಚು. ಉಳಿಯ ಪೆಟ್ಟಿಗೆ ನೇರ ಗೆರೆ ಸುಲಭವಾಗಿ ಒಲಿಯುತ್ತದೆ. ಅದೇ ಬ್ರಾಹ್ಮಿಯಿಂದ ಕಾಲಕ್ರಮದಲ್ಲಿ ಬೆಳೆದು ಬಂದ ಕನ್ನಡ ಲಿಪಿಯಾದರೋ ದುಂಡಗಾಯಿತು. ತಾಳೆಗರಿಯ ಮೇಲೆ ಲೋಹದ ಕಂಠದಿಂದ ಬರೆಯುವಾಗ ಉದ್ದನೆಯ ನೇರ ಗೆರೆಗಳಿಂದ ಗರಿಯು ನಾರಿನ ಗುಂಟ ಸೀಳುವ ಭಯವಿತ್ತೆಂದೂ, ಆದುದರಿಂದಲೇ ದಕ್ಷಿಣದ ಲಿಪಿಗಳು ಬಳಕುಗೆರೆಯನ್ನು ಆಶ್ರಯಿಸಿದವೆಂದೂ ವಿದ್ವಾಂಸರು ಹೇಳುವುದುಂಟು. ಹೀಗೆ ಬರೆಯುವ ಸಾಧನ ಬದಲಾದಂತೆ ಅಕ್ಷರದ ಮೈಕಟ್ಟೂ ಬದಲಾಗುತ್ತ ಬಂದಿದೆ.

ಮುದ್ರಣಯಂತ್ರ ಬಂದಾಗ ಈ ಮಾತು ಮತ್ತಷ್ಟು ನಿಜವಾಯಿತು. ವಿಲಿಯಂ ಕೇರಿಯು ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣವು 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಅದರಲ್ಲಿ ಕನ್ನಡದ ಅಚ್ಚಿನ ಮೊಳೆಗಳು ಬಳಕೆಯಾದವು. ಸೀಸ, ತವರ, ಆಂಟಿಮನಿ ಎಂಬ ಲೋಹಗಳ ಬೆರಕೆಯಿಂದ ಎರಕ ಹೊಯ್ದ, ತುದಿಯಲ್ಲಿ ತಿರುಗುಮುರುಗಾದ ಅಕ್ಷರವುಳ್ಳ ಸಣ್ಣ ಕಂಬಿಯೇ ಮೊಳೆ. ಇಂಗ್ಲಿಷಿಗೆ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆಗಳೆಲ್ಲ ಸೇರಿ ನೂರರ ಆಸುಪಾಸಿನಲ್ಲಿ ಮೊಳೆಗಳಿದ್ದರೆ ಸಾಕು. ಕನ್ನಡದಲ್ಲಿ ಮೂವತ್ತನಾಲ್ಕು ವ್ಯಂಜನಗಳ ಕಾಗುಣಿತವೇ ಸುಮಾರು 500 ರೂಪಗಳಾಗುತ್ತದೆ. ಒತ್ತಕ್ಷರಗಳು ಕೂಡಿದರೆ ಲೆಕ್ಕವು ಸಾವಿರಗಳನ್ನು ಮುಟ್ಟುತ್ತದೆ. ಎಲ್ಲಕ್ಕೂ ಬೇರೆ ಬೇರೆ ಮೊಳೆ ಎರೆಯುವುದು ಆಗದ ಮಾತಾದುದರಿಂದ ದೀರ್ಘ, ಕೊಂಬು, ಒತ್ತು ಮುಂತಾದವುಗಳಿಗೆ ಪ್ರತ್ಯೇಕ ಮೊಳೆಗಳನ್ನು ಮಾಡಿಕೊಂಡು, ಜೋಡಿಸುವಾಗ ಅವನ್ನು ಅಕ್ಷರದ ಪಕ್ಕಕ್ಕೂ ಕೆಳಕ್ಕೂ ಹೊಂದಿಸುತ್ತಿದ್ದರು. ಮೊಳೆ ಜೋಡಿಸುವವನ ಕಣ್ಣಿಗೂ ಬೆರಳಿಗೂ ಅದೆಷ್ಟು ಶ್ರಮವಾಗಿರಬೇಕೆಂಬುದನ್ನು ಇಂದು ಊಹಿಸುವುದೂ ಕಷ್ಟ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಪತ್ರಿಕೆಯು ಮೊಳೆಗಳ ಗೊಡವೆಯಿಲ್ಲದೆ, ಕೈಬರಹವನ್ನು ನುಣುಪುಗಲ್ಲಿನ ಮೇಲೆ ಮೂಡಿಸಿ ತೆಗೆಯುವ ಕಲ್ಲಚ್ಚಿನಲ್ಲಿ ಮುದ್ರಿತವಾಯಿತು. ಮುಂದೆ ಅದೇ ಊರಿನ ಬಾಸೆಲ್ ಮಿಷನ್ ಮುದ್ರಣಾಲಯವು ಮೊಳೆಯ ಅಚ್ಚಿನಲ್ಲಿ ಎಷ್ಟು ಪಳಗಿತೆಂದರೆ, 1894ರಲ್ಲಿ ಫರ್ಡಿನಾಂಡ್ ಕಿಟ್ಟೆಲನ ಕನ್ನಡ–ಇಂಗ್ಲಿಷ್ ನಿಘಂಟಿನ ಸಾವಿರದ ಏಳುನೂರಕ್ಕೂ ಮಿಕ್ಕ ಪುಟಗಳು ಅಲ್ಲಿಂದ ಹೊರಬಂದವು.

ಮೊಳೆಯ ಕಾಲ ಮುಗಿದಿದ್ದರೂ ಅದರ ಅಳತೆಯು ಇನ್ನೂ ಉಳಿದಿದೆ. ಅಕ್ಷರದ ಗಾತ್ರವನ್ನು ಪಾಯಿಂಟುಗಳಲ್ಲಿ ಹೇಳುವುದು ವಾಡಿಕೆ. ಒಂದು ಅಂಗುಲಕ್ಕೆ 72 ಪಾಯಿಂಟುಗಳು. ಆದರೆ ಈ ಅಳತೆ ಮೊಳೆಯ ಮೈಯದೇ ಹೊರತು ಅದರ ಮೇಲಿನ ಅಕ್ಷರದ್ದಲ್ಲ. ಎರಡು ಅಕ್ಷರಶೈಲಿಗಳನ್ನು ಹನ್ನೆರಡು ಪಾಯಿಂಟಿನಲ್ಲಿಯೇ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ದೊಡ್ಡದಾಗಿಯೂ ಇನ್ನೊಂದು ಚಿಕ್ಕದಾಗಿಯೂ ಕಾಣುವುದು ಈ ಕಾರಣದಿಂದ. ಕನ್ನಡದಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಮೇಲೆ ತಲೆಕಟ್ಟು ಇಲ್ಲವೆ ಗುಡಿಸು, ನಡುವೆ ಅಕ್ಷರದ ಒಡಲು, ಕೆಳಗೆ ಒತ್ತು, ಹೀಗೆ ಒಂದೇ ಸಾಲಿನಲ್ಲಿ ಅಂತಸ್ತುಗಳಿರುವುದರಿಂದ, ‘ರಾಷ್ಟ್ರ’ದಂತಹ ಪದಕ್ಕೆ ಎಡೆ ಮಾಡಿಕೊಡಲು ಶಿಲ್ಪಿಯು ಒಡಲನ್ನು ಕುಗ್ಗಿಸಬೇಕಾಗುತ್ತದೆ. ಅದೇ ಪಾಯಿಂಟಿನ ಇಂಗ್ಲಿಷಿನ ಮುಂದೆ ಕನ್ನಡ ಅನೇಕ ಸಲ ಬಡಕಲಾಗಿ ತೋರುವುದು ಲಿಪಿಯ ದೋಷದಿಂದಲ್ಲ, ಅಳತೆಯನ್ನು ಯಾಂತ್ರಿಕವಾಗಿ ಸಮಗೊಳಿಸಿದವರ ಅವಿಚಾರದಿಂದ.

ಅಕ್ಷರಶೈಲಿಯನ್ನು ಆರಿಸುವಾಗ ಚೆಲುವಿಗಿಂತ ಮೊದಲು ವಿಚಾರಿಸಬೇಕಾದುದು ಒಂದಕ್ಷರವು ಇನ್ನೊಂದರಿಂದ ಬೇರೆಯಾಗಿ ಕಾಣುತ್ತದೆಯೆ ಎಂಬುದನ್ನು. ಕನ್ನಡದಲ್ಲಿ ‘ರ’ಕಾರದ ಹೊಟ್ಟೆಯಲ್ಲಿ ಒಂದು ಚುಕ್ಕೆಯಿಟ್ಟರೆ ಅದು ‘ಠ’ಕಾರ. ಆ ಚುಕ್ಕೆ ಮಾಸಿದರೆ ‘ಪಾಠ’ವು ‘ಪಾರ’ವಾಗುತ್ತದೆ. ‘ದ’ಕಾರದ ಹೊಟ್ಟೆ ಸೀಳಿದರೆ ‘ಧ’ಕಾರ, ಸೀಳಿದ ಹೊಟ್ಟೆಯೊಳಗೆ ಚುಕ್ಕೆಯೂ ಇದ್ದರೆ ‘ಥ’ಕಾರ. ‘ದನ’ಕ್ಕೂ ‘ಧನ’ಕ್ಕೂ ನಡುವಣ ಅಂತರ ಕೂದಲೆಳೆಯಷ್ಟು ಗೆರೆ ಮಾತ್ರ. ‘ಪ’ಕಾರದೊಳಗೆ ಒಂದು ಗೆರೆ ಎಳೆದರೆ ‘ಷ’ಕಾರವಾಗುತ್ತದೆ. ‘ಮ’ ಮತ್ತು ‘ವು’ ಅವಳಿಗಳಂತೆ ತೋರುತ್ತವೆ. ಕನ್ನಡದ ಸೊನ್ನೆಯಂಕಿಯೂ ಅನುಸ್ವಾರವೂ ಒಂದೇ ಆಕಾರದವು. ಓದು ಬಲ್ಲವನು ಸಂದರ್ಭದ ನೆರವಿನಿಂದ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತಾನೆ. ಹೊಸದಾಗಿ ಓದಲು ಕಲಿತ ಮಗುವಿಗೂ, ಮುಪ್ಪಿನಿಂದ ದೃಷ್ಟಿ ಮಂದವಾದವರಿಗೂ, ಊರಿನ ಹೆಸರು ಅಥವಾ ಔಷಧಿಯ ಹೆಸರಿನಂತಹ ಅಪರಿಚಿತ ಪದವನ್ನು ಎದುರಿಸಿದ ಯಾರಿಗೇ ಆದರೂ ಆ ನೆರವು ಸಿಗದು.

ಗೆರೆ ತೀರ ತೆಳುವಾದರೆ ಇಂತಹ ಗುರುತುಗಳು ಅಳಿಯುತ್ತವೆ. ತೀರ ದಪ್ಪವಾದರೆ ಅಕ್ಷರದ ಒಳಗಿನ ಬಯಲು ಮುಚ್ಚಿಹೋಗಿ ಚುಕ್ಕೆಯೂ ಸೀಳೂ ಮಸಿಯಲ್ಲಿ ಮುಳುಗುತ್ತವೆ. ಇಂಗ್ಲಿಷಿನಲ್ಲಿ ಒತ್ತಿ ಹೇಳಲು ಅಕ್ಷರವನ್ನು ಓರೆಯಾಗಿಸುವ ಪದ್ಧತಿಯಿದೆ. ಕನ್ನಡಕ್ಕೆ ಅಂತಹ ಪರಂಪರೆಯಿಲ್ಲ. ದುಂಡು ಅಕ್ಷರವನ್ನು ಯಂತ್ರವು ಬಲವಂತವಾಗಿ ವಾಲಿಸಿದರೆ ಅದು ಕಾಲು ಜಾರಿದಂತೆ ಕಾಣುವುದೇ ಹೆಚ್ಚು.

ಗಣಕಯಂತ್ರವು ಮೊಳೆಗಳ ಭಾರವನ್ನು ಇಳಿಸಿತು, ಆದರೆ ಮೊದಮೊದಲು ಹೊಸದೊಂದು ತೊಡಕನ್ನೂ ತಂದಿತು. ಒಂದೊಂದು ತಂತ್ರಾಂಶವೂ ಕನ್ನಡದ ಅಕ್ಷರಗಳಿಗೆ ತನ್ನದೇ ಸಂಕೇತಗಳನ್ನು ಇಟ್ಟುಕೊಂಡಿದ್ದುದರಿಂದ, ಒಂದರಲ್ಲಿ ಬರೆದುದನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತಿತ್ತು. ಕೆ.ಪಿ. ರಾವ್ ಅವರು ರೂಪಿಸಿದ ಧ್ವನ್ಯನುಸಾರಿ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ಕನ್ನಡವನ್ನು ಗಣಕದಲ್ಲಿ ನೆಲೆಗೊಳಿಸಿದವು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಶಿಷ್ಟತೆಯು ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತು. ಸಾವಿರಾರು ರೂಪಗಳುಳ್ಳ ಲಿಪಿಗೆ ಇಷ್ಟೇ ಸ್ಥಾನಗಳು ಸಾಲುವುದು ಹೇಗೆ ಎಂಬ ಸಂದೇಹ ಸಹಜ. ಯೂನಿಕೋಡಿನಲ್ಲಿ ಕೂಡಿಡುವುದು ಅಕ್ಷರದ ಚಿತ್ರವನ್ನಲ್ಲ, ಮೂಲ ವರ್ಣಗಳನ್ನು. ‘ಸ್ತ್ರೀ’ ಎಂಬ ಒಂದಕ್ಷರವು ಅಲ್ಲಿ ಸಕಾರ, ವಿರಾಮಚಿಹ್ನೆ, ತಕಾರ, ಮತ್ತೊಂದು ವಿರಾಮಚಿಹ್ನೆ, ರಕಾರ, ಈಕಾರದ ಗುರುತು ಎಂಬ ಆರು ಸಂಕೇತಗಳಾಗಿರುತ್ತದೆ. ಇವನ್ನು ಕೂಡಿಸಿ ಕಣ್ಣಿಗೆ ಕಾಣುವ ರೂಪವನ್ನು ಕಟ್ಟುವುದು ಫಾಂಟ್ ಎಂದು ಕರೆಯುವ ಅಕ್ಷರಶೈಲಿಯೊಳಗೆ ಅಡಗಿದ ನಿಯಮಗಳ ಕೆಲಸ. ‘ಸೂರ್ಯ’ ಎಂಬಲ್ಲಿ ರಕಾರವನ್ನು ಮೊದಲು ಉಚ್ಚರಿಸಿದರೂ ಅದರ ಗುರುತಾದ ಅರ್ಕಾವತ್ತು ಯಕಾರದ ಆಚೆಗೆ ಬರುತ್ತದೆ. ಈ ಸ್ಥಾನಪಲ್ಲಟವನ್ನೂ ಫಾಂಟಿನ ನಿಯಮಗಳೇ ನಿರ್ವಹಿಸಬೇಕು. ಹಿಂದೆ ಮೊಳೆ ಜೋಡಿಸುವವನ ಬೆರಳಿನಲ್ಲಿದ್ದ ಜಾಣ್ಮೆ ಇಂದು ಫಾಂಟಿನೊಳಗೆ ಸೇರಿಕೊಂಡಿದೆ ಎನ್ನಬಹುದು.

ಇಂದು ಕನ್ನಡಕ್ಕೆ ಹಲವು ಫಾಂಟುಗಳು ಬೆಲೆಯಿಲ್ಲದೆ ದೊರೆಯುತ್ತವೆ. ‘ನೋಟೋ ಸಾನ್ಸ್ ಕನ್ನಡ’ದಲ್ಲಿ ಗೆರೆಯು ಬಹುಮಟ್ಟಿಗೆ ಒಂದೇ ದಪ್ಪದಲ್ಲಿ ಸಾಗುತ್ತದೆ, ಪರದೆಯ ಮೇಲಿನ ಓದಿಗೆ ಅದು ಒಗ್ಗುತ್ತದೆ. ‘ಬಾಲೂ ತಮ್ಮ’ದ ಗುಂಡುಗುಂಡಾದ ದಪ್ಪ ಅಕ್ಷರಗಳು ತಲೆಬರಹಕ್ಕೆ ಸೊಗಸು, ಪುಟಗಟ್ಟಲೆ ಓದಲು ಭಾರ. ‘ಟಿರೋ ಕನ್ನಡ’ವು ಮೂಲತಃ ಪ್ರಾಚೀನ ಕೃತಿಗಳ ಗ್ರಂಥಮಾಲೆಯೊಂದಕ್ಕಾಗಿ ರೂಪುಗೊಂಡದ್ದು, ಅದರ ಸಹಜ ನೆಲೆ ಪುಸ್ತಕದ ಪುಟ.

ಮೊಬೈಲ್ ಫೋನಿನ ಪರದೆಗಳನ್ನು ವಿನ್ಯಾಸಗೊಳಿಸುವವರಲ್ಲಿ ಅನೇಕರು ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು ಗುಂಡಿಗಳ, ಸಾಲುಗಳ ಎತ್ತರವನ್ನು ಗೊತ್ತುಮಾಡುತ್ತಾರೆ. ಆ ಚೌಕಟ್ಟಿನೊಳಗೆ ಕನ್ನಡವನ್ನು ತುಂಬಿದಾಗ ‘ಸ್ವಾತಂತ್ರ್ಯ’ದ ಕೆಳಗಿನ ಒತ್ತುಗಳು ಕತ್ತರಿಸಿಹೋಗುತ್ತವೆ, ಇಲ್ಲವೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರದ ಗಾತ್ರಕ್ಕಿಂತ ಒಂದೂವರೆ ಪಟ್ಟಿನಷ್ಟಾದರೂ ಸಾಲಿನ ಎತ್ತರವಿದ್ದರೆ ಕನ್ನಡಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಇದು ಅಂದಚೆಂದದ ಮಾತಷ್ಟೇ ಎಂದು ತಿಳಿಯಬಾರದು. ಭತ್ತದ ಗದ್ದೆಯ ಬದುವಿನ ಮೇಲೆ ನಿಂತು, ನಡುಹಗಲಿನ ಬಿಸಿಲಿನಲ್ಲಿ, ಔಷಧಿಯ ಪ್ರಮಾಣವನ್ನು ಫೋನಿನಲ್ಲಿ ಓದುವ ರೈತನನ್ನು ನೆನೆಯಬಹುದು. ಒಂದು ಲೀಟರ್ ನೀರಿಗೆ 1.5 ಮಿಲಿಲೀಟರ್ ಎಂದಿರುವಲ್ಲಿ ತೆಳುವಾದ ದಶಮಾಂಶ ಚುಕ್ಕೆ ಕಾಣದೆ ಹೋದರೆ ಅದು 15 ಆಗುತ್ತದೆ. ಹತ್ತು ಪಟ್ಟು ವಿಷ ಬೆಳೆಯ ಮೇಲೆ, ನೀರಿಗೆ, ಸಿಂಪಡಿಸುವವನ ಮೈಗೆ ಬೀಳುತ್ತದೆ. ಬಿಳಿಯ ನೆಲದ ಮೇಲೆ ನಸುಬೂದು ಅಕ್ಷರವನ್ನು ಇಡುವ ಇಂದಿನ ಚಾಳಿಯು ನೆರಳಿನ ಕೋಣೆಯಲ್ಲಿ ಕುಳಿತವರಿಗೆ ಮಾತ್ರ ಹಿತವಾದುದು.

ಇದಕ್ಕಿಂತಲೂ ಕಠಿಣವಾದ ಪರೀಕ್ಷೆ ಇನ್ನೊಂದಿದೆ. ತಲೆಗೆ ತೊಡುವ ಸಾಧನದ ಮೂಲಕ ನೋಡುವವನ ಸುತ್ತಲೂ ಒಂದು ತೋರಿಕೆಯ ಲೋಕವನ್ನೇ ನಿರ್ಮಿಸುವ ತಂತ್ರಕ್ಕೆ ವರ್ಚುವಲ್ ರಿಯಾಲಿಟಿ ಎಂದು ಹೆಸರು. ಮಸ್ಕಿಯ ಶಾಸನವನ್ನು ದೂರದ ಊರಿನ ಶಾಲೆಯೊಂದರಲ್ಲಿ ಹೀಗೆ ತೋರಿಸಿ, ಬಂಡೆಯ ಪಕ್ಕದಲ್ಲಿ ಕನ್ನಡದ ವಿವರಣೆಯ ಫಲಕವನ್ನು ನಿಲ್ಲಿಸುವುದು ಇಂದು ಸಾಧ್ಯವಿದೆ. ಆ ಲೋಕದಲ್ಲಿ ಪಾಯಿಂಟಿನ ಲೆಕ್ಕ ನಡೆಯುವುದಿಲ್ಲ. ಅಕ್ಷರವು ಕಣ್ಣಿನಲ್ಲಿ ಎಷ್ಟು ಕೋನವನ್ನು ಆಕ್ರಮಿಸುತ್ತದೆ ಎಂಬುದೇ ಅಲ್ಲಿನ ಅಳತೆ. ಎರಡು ಮೀಟರ್ ದೂರದಲ್ಲಿರುವಂತೆ ತೋರುವ ಫಲಕದ ಮೇಲೆ ಒಂದು ಡಿಗ್ರಿ ಎಂದರೆ ಸುಮಾರು ಮೂರೂವರೆ ಸೆಂಟಿಮೀಟರ್. ಅಂಗುಲಕ್ಕೆ 400 ಬೆಳಕಿನ ಚುಕ್ಕೆಗಳಿರುವ ಫೋನನ್ನು ಮೂವತ್ತು ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಒಂದು ಡಿಗ್ರಿಯಲ್ಲಿ ಎಂಬತ್ತಕ್ಕೂ ಹೆಚ್ಚು ಚುಕ್ಕೆಗಳು ಇರುತ್ತವೆ. ಸಾಮಾನ್ಯ ಬೆಲೆಯ ಹಲವು ತಲೆಸಾಧನಗಳಲ್ಲಿ ಅದೇ ಒಂದು ಡಿಗ್ರಿಗೆ ಇರುವುದು 20ರಿಂದ 25 ಚುಕ್ಕೆಗಳು ಮಾತ್ರ. ಒಂದು ಡಿಗ್ರಿ ಎತ್ತರದ ಕನ್ನಡ ಸಾಲಿನಲ್ಲಿ ಗುಡಿಸಿಗೂ ಒತ್ತಿಗೂ ಪಾಲು ಕೊಟ್ಟ ಮೇಲೆ ಒಡಲಿಗೆ ಹತ್ತು ಚುಕ್ಕೆಗಳು ಉಳಿದರೆ ಹೆಚ್ಚು. ಆ ಹತ್ತರಲ್ಲಿ ‘ಧ’ಕಾರದ ಸೀಳಿಗೆ ಸಿಗುವುದು ಒಂದೇ ಒಂದು. ನೋಡುವವನು ತಲೆಯನ್ನು ತುಸು ಅಲುಗಿಸಿದರೂ ಆ ಒಂಟಿ ಚುಕ್ಕೆ ಮಿನುಗಿ ಮರೆಯಾಗುತ್ತದೆ.

ಆದುದರಿಂದ ಇಂತಹ ಪರಿಸರಕ್ಕೆ ಸಮನಾದ, ಮಧ್ಯಮ ದಪ್ಪದ ಗೆರೆಯೂ, ವಿಶಾಲವಾದ ಒಡಲೂ, ಎದ್ದು ಕಾಣುವ ಸೀಳು ಚುಕ್ಕೆಗಳೂ ಉಳ್ಳ ಶೈಲಿಯೇ ತಕ್ಕುದು. ಗಾತ್ರವನ್ನು ಇಂಗ್ಲಿಷಿಗೆ ಕೊಟ್ಟುದಕ್ಕಿಂತ ಹಿರಿದಾಗಿ ಇಡಬೇಕು. ಬಂಡೆಯ ಒರಟು ಮೈಯ ಮೇಲೆ ನೇರವಾಗಿ ಅಕ್ಷರವನ್ನು ತೇಲಿಬಿಡುವ ಬದಲು ಅದರ ಹಿಂದೆ ಒಂದೇ ಬಣ್ಣದ ಹಲಗೆಯನ್ನು ಇಡುವುದು ಮೇಲು. ನೋಡುವವನ ತಲೆ ತಿರುಗಿದತ್ತ ಬರಹವೂ ಅಂಟಿಕೊಂಡು ಬರುವಂತೆ ಮಾಡಿದರೆ ಕಣ್ಣು ಬೇಗ ಬಳಲುತ್ತದೆ. ಬರಹವು ಬಂಡೆಯಂತೆ ತನ್ನ ಎಡೆಯಲ್ಲಿ ನಿಲ್ಲಬೇಕು, ಓದುವವನು ಅದರತ್ತ ತಿರುಗಬೇಕು. ಉದ್ದನೆಯ ಸಾಲುಗಳು ಇಲ್ಲಿ ಸಲ್ಲವು.

ಅಕ್ಷರಶೈಲಿಯೊಂದು ತಕ್ಕುದೇ ಎಂಬುದನ್ನು ಅರಿಯಲು ದುಬಾರಿ ಉಪಕರಣಗಳು ಬೇಕಿಲ್ಲ. ದನ, ಧನ, ಪಾರ, ಪಾಠ, ರಾಷ್ಟ್ರ, ಸ್ವಾತಂತ್ರ್ಯ, ಸೂರ್ಯ ಎಂಬ ಕೆಲವು ಪದಗಳನ್ನೂ, ದಶಮಾಂಶವುಳ್ಳ ಎರಡು ಮೂರು ಅಂಕಿಗಳನ್ನೂ ಆ ಶೈಲಿಯಲ್ಲಿ ಬರೆದು, ಅವು ಕೊನೆಗೆ ಎಲ್ಲಿ ಕಾಣಬೇಕೋ ಅಲ್ಲಿಯೇ ತೋರಿಸಬೇಕು: ಫೋನಿಗಾದರೆ ಬಿಸಿಲಿನಲ್ಲಿ, ತಲೆಸಾಧನಕ್ಕಾದರೆ ಅದರೊಳಗೆ. ಓದಿಸಬೇಕಾದುದು ಬರೆದವನಿಂದಲ್ಲ, ಆ ಪದಗಳನ್ನು ಮುಂಚೆ ಕಾಣದವರಿಂದ. ಅವರಲ್ಲಿ ಒಬ್ಬರಾದರೂ ಅರವತ್ತು ದಾಟಿದವರಿರುವುದು ಒಳ್ಳೆಯದು. ಅವರು ಎಲ್ಲಿ ತಡೆದು ನಿಂತರು, ಯಾವುದನ್ನು ಬೇರೆಯಾಗಿ ಓದಿದರು ಎಂಬುದನ್ನು ಗುರುತಿಸಿಕೊಂಡು ಮೊದಲು ಗಾತ್ರವನ್ನು ಹೆಚ್ಚಿಸಿ, ಬಳಿಕ ಸಾಲುಗಳ ಅಂತರವನ್ನು ಸಡಿಲಿಸಿ, ಮತ್ತೆ ಓದಿಸಿ ನೋಡಬೇಕು. ಆಗಲೂ ‘ಪಾಠ’ವು ‘ಪಾರ’ವಾಗಿಯೇ ಉಳಿದರೆ ಆ ಶೈಲಿಯನ್ನು ತಲೆಬರಹಕ್ಕೆ ಬಿಟ್ಟು, ಒಳಗಿನ ಬರಹಕ್ಕೆ ಬೇರೊಂದನ್ನು ಹುಡುಕಬೇಕಾಗುತ್ತದೆ.