ಪ್ರೊಸೆಸರು ಬದಲಾದರೆ ಆಪರೇಟಿಂಗ್ ಸಿಸ್ಟಮೂ ಬದಲಾಗಬೇಕೆ?

ಕಂಪ್ಯೂಟರೆಂಬುದು ಈಗ ಗೃಹೋಪಕರಣಗಳಲ್ಲಿ ಒಂದಾಗಿಹೋಗಿದೆ. ಮಕ್ಕಳ ಪಾಠಗಳು, ಮದುವೆಯ ಭಾವಚಿತ್ರಗಳು, ಅಂಗಡಿಯ ಜಮಾಖರ್ಚು, ದೊಡ್ಡಬಳ್ಳಾಪುರದಂಥ ನೇಯ್ಗೆಯ ಊರಿನಲ್ಲಾದರೆ ಸೀರೆಯ ಸೆರಗಿನ ಚಿತ್ರವಿನ್ಯಾಸ, ಇವೆಲ್ಲವೂ ಅದರ ಉದರದಲ್ಲಿ ಅಡಗಿರುವುವು. ಹೀಗಿರುವಲ್ಲಿ, ಯಂತ್ರವು ಮಂದವಾಯಿತೆಂದು ಅದರ ಪ್ರೊಸೆಸರನ್ನು ಬದಲಿಸಹೊರಟ ಗೃಹಸ್ಥನಿಗೆ, “ಒಳಗಿರುವುದನ್ನೆಲ್ಲ ಅಳಿಸಿ ಆಪರೇಟಿಂಗ್ ಸಿಸ್ಟಮನ್ನು ಹೊಸದಾಗಿ ಹಾಕಬೇಕು” ಎಂದು ಯಾರಾದರೂ ಹೇಳಿದರೆ ಎದೆ ಝಲ್ಲೆನ್ನದಿರದು. ಈ ಮಾತು ಎಷ್ಟರಮಟ್ಟಿಗೆ ದಿಟವೆಂಬುದನ್ನು ವಾಚಕರು ಮೊದಲೇ ತಿಳಿದಿರುವುದು ಲೇಸು.

ಈ ಪ್ರಶ್ನೆಗೆ ಈಗ ವಿಶೇಷವಾದ ಪ್ರಸಕ್ತಿಯೂ ಉಂಟು. ೨೦೨೫ನೆಯ ಇಸವಿ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ತಯಾರಕರ ಸಾಮಾನ್ಯ ಪೋಷಣೆಯು ನಿಂತುಹೋಯಿತು. ಅದರ ಮುಂದಿನ ವಿಂಡೋಸ್ ೧೧ ಆದರೋ ಹಳೆಯ ಪ್ರೊಸೆಸರುಗಳಲ್ಲಿ ಅನೇಕವನ್ನು ಅಂಗೀಕರಿಸುವುದಿಲ್ಲ. ಆದುದರಿಂದ ಇಡೀ ಯಂತ್ರವನ್ನು ಬಿಸುಡುವ ಬದಲು ಪ್ರೊಸೆಸರನ್ನು ಮಾತ್ರ ಬದಲಿಸಬಾರದೇಕೆ ಎಂದು ಅನೇಕರು ಆಲೋಚಿಸುತ್ತಿರುವರು.

ವ್ಯಾಕರಣಶಾಸ್ತ್ರದಲ್ಲಿ ಸಾಮಾನ್ಯವಿಧಿಗೆ ಉತ್ಸರ್ಗವೆಂದೂ ಅದನ್ನು ಬಾಧಿಸುವ ವಿಶೇಷವಿಧಿಗೆ ಅಪವಾದವೆಂದೂ ಹೆಸರು. ಇಲ್ಲಿಯೂ ಅದೇ ಕ್ರಮವನ್ನು ಅನುಸರಿಸೋಣ. ಉತ್ಸರ್ಗವು ಇದು: ಮದರ್‌ಬೋರ್ಡು ಅದೇ ಆಗಿದ್ದು ಪ್ರೊಸೆಸರು ಮಾತ್ರ ಬದಲಾದರೆ ಆಪರೇಟಿಂಗ್ ಸಿಸ್ಟಮನ್ನು ಪುನಃ ಹಾಕಬೇಕಾದ ಅಗತ್ಯವಿಲ್ಲ.

ಇದಕ್ಕೆ ಕಾರಣವನ್ನು ದೊಡ್ಡಬಳ್ಳಾಪುರದ ಮಗ್ಗದಿಂದಲೇ ತಿಳಿಯಬಹುದು. ಫ್ರಾನ್ಸಿನ ಲಿಯಾನ್ ನಗರದ ಜಕಾರ್ಡ್ ಎಂಬಾತನು ೧೮೦೪ರ ಸುಮಾರಿಗೆ ರೂಪಿಸಿದ ಯಂತ್ರದಲ್ಲಿ, ತೂತು ಮಾಡಿದ ರಟ್ಟುಗಳ ಸಾಲು ಯಾವ ಎಳೆ ಮೇಲೇಳಬೇಕೆಂಬುದನ್ನು ವಿಧಿಸುತ್ತದೆ. ಇಂಗ್ಲೆಂಡಿನ ಬ್ಯಾಬೇಜನು ತನ್ನ ಗಣಿತಯಂತ್ರದ ಯೋಜನೆಗೆ ಈ ರಟ್ಟುಗಳನ್ನೇ ಮಾದರಿಯಾಗಿ ತೆಗೆದುಕೊಂಡನು. ಸೆರಗಿನ ಚಿತ್ರವಿರುವುದು ರಟ್ಟುಗಳಲ್ಲಿ. ಅದನ್ನು ಓದಿ ನಡೆಸುವುದು ಜಕಾರ್ಡು. ಅದೇ ಅಳತೆಯ, ಅಷ್ಟೇ ಕೊಕ್ಕೆಗಳ ಬೇರೊಂದು ಜಕಾರ್ಡನ್ನು ಕೂರಿಸಿದರೆ ಹಳೆಯ ರಟ್ಟುಗಳೇ ನಡೆಯುವುವು. ಕೊಕ್ಕೆಗಳ ಸಂಖ್ಯೆಯೂ ಜೋಡಣೆಯೂ ಬೇರೆಯಾದರೆ ಮಾತ್ರ ರಟ್ಟುಗಳನ್ನು ಹೊಸದಾಗಿ ತೂತು ಮಾಡಿಸಬೇಕು.

ಕಂಪ್ಯೂಟರಿನಲ್ಲಿಯೂ ಹೀಗೆಯೇ. ಆಪರೇಟಿಂಗ್ ಸಿಸ್ಟಮು ಇರುವುದು ಡಿಸ್ಕಿನಲ್ಲಿ, ಪ್ರೊಸೆಸರಿನಲ್ಲಲ್ಲ. ೧೯೭೮ರ ಇಂಟೆಲ್ ೮೦೮೬ರಿಂದ ಮೊದಲಾದ ವಂಶದ ಪ್ರೊಸೆಸರುಗಳು, ಇಂಟೆಲಿನವಾಗಲಿ ಎ.ಎಂ.ಡಿ.ಯವಾಗಲಿ, ಒಂದೇ ಮೂಲಭಾಷೆಯನ್ನು ವಿಸ್ತರಿಸಿಕೊಂಡು ಬಂದಿವೆ. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಪ್ರತಿಸಲ ಏಳುವಾಗಲೂ ತನ್ನ ಕೆಳಗಿರುವ ಪ್ರೊಸೆಸರು ಯಾವುದೆಂದು ವಿಚಾರಿಸಿಕೊಂಡು ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತದೆ.

ಹಾಗಾದರೆ ಎಲ್ಲವನ್ನೂ ಅಳಿಸಬೇಕೆಂಬ ನಂಬಿಕೆ ಎಲ್ಲಿಂದ ಬಂದಿತು? ಅದು ನಿರ್ಮೂಲವಾದುದಲ್ಲ. ೨೦೦೧ರ ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಒಂದೇ ಪ್ರೊಸೆಸರಿನ ಯಂತ್ರಕ್ಕೆ ಒಂದು ಬಗೆಯ, ಹಲವು ಪ್ರೊಸೆಸರುಗಳ ಯಂತ್ರಕ್ಕೆ ಮತ್ತೊಂದು ಬಗೆಯ ತಳಹದಿಯನ್ನು ಹಾಕಲಾಗುತ್ತಿತ್ತು, ಬದಲಾವಣೆಯಾದಾಗ ತೊಡಕುಂಟಾಗುತ್ತಿತ್ತು. ಕಾರಣವು ಕಳೆದುಹೋದರೂ ನಂಬಿಕೆಯು ಉಳಿದುಕೊಂಡಿತು.

ಇನ್ನು ಅಪವಾದಗಳು. ಮೊದಲನೆಯದು, ಭಾಷೆಯೇ ಬೇರೆಯಾದ ವಂಶಕ್ಕೆ ಹೋದಾಗ. ಮೊಬೈಲುಗಳಲ್ಲಿರುವ ಆರ್ಮ್ ವಂಶದ ಪ್ರೊಸೆಸರಿಗೆ ಬೇರೆಯ ಆಪರೇಟಿಂಗ್ ಸಿಸ್ಟಮೇ ಬೇಕು. ಎರಡನೆಯದು, ೩೨ ಬಿಟ್‌ನ ವಿಂಡೋಸಿನಿಂದ ೬೪ ಬಿಟ್‌ನದಕ್ಕೆ ಹೋಗುವಾಗ; ಇಲ್ಲಿ ಹೊಸದಾಗಿ ಹಾಕಲೇಬೇಕು. ಮೂರನೆಯದು, ಮದರ್‌ಬೋರ್ಡೂ ಬದಲಾದಾಗ; ಆಗ ಹಳೆಯದೇ ನಡೆಯುವುದುಂಟಾದರೂ ವಿಂಡೋಸಿನ ಲೈಸೆನ್ಸು ತಕರಾರು ಮಾಡಬಹುದು, ಒಮ್ಮೊಮ್ಮೆ ಹೊಸದಾಗಿ ಹಾಕುವುದೇ ಸುಲಭವೆನಿಸಬಹುದು.

ಹಣ ಕೊಡುವುದಕ್ಕೆ ಮುಂಚೆ ಪ್ರೊಸೆಸರು ಬೋರ್ಡಿಗೆ ಹೊಂದುವುದೋ ಇಲ್ಲವೋ ನೋಡತಕ್ಕದ್ದು. ೨೦೧೭ರ ಮೊದಲ ಪೀಳಿಗೆಯ ರೈಜನ್ ಪ್ರೊಸೆಸರನ್ನು ವಿಂಡೋಸ್ ೧೧ ಒಪ್ಪದು. ಆದರೆ ಅದು ಕೂರುವ ಎ.ಎಂ. ೪ ಬೋರ್ಡುಗಳಲ್ಲಿ ಬಹಳವು, ಬಯೋಸನ್ನು ಮೊದಲು ನವೀಕರಿಸಿಕೊಂಡರೆ, ೨೦೨೦ರಲ್ಲಿ ಬಂದ ೫೦೦೦ದ ಶ್ರೇಣಿಯನ್ನು ಧರಿಸಬಲ್ಲವು. ಇಂಟೆಲಿನವರಲ್ಲಿ ಆರು, ಏಳನೆಯ ಪೀಳಿಗೆಗಳಿಗೂ ಎಂಟನೆಯದಕ್ಕೂ ಕಾಲುಗಳ ಸಂಖ್ಯೆ ೧೧೫೧ ಎಂದು ಒಂದೇ ಆಗಿದ್ದರೂ, ಹಳೆಯ ಬೋರ್ಡಿನಲ್ಲಿ ಎಂಟನೆಯದು ನಡೆಯುವುದಿಲ್ಲ. ಲ್ಯಾಪ್‌ಟಾಪುಗಳಲ್ಲಿ ಈಗ ಪ್ರೊಸೆಸರನ್ನು ಸಾಮಾನ್ಯವಾಗಿ ಬೋರ್ಡಿಗೆ ಬೆಸೆದೇ ಇರುತ್ತಾರೆ. ಅಲ್ಲಿ ಬದಲಾವಣೆಯ ಮಾತೇ ಇಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದುಂಟು. ಈಗಿನ ಅನೇಕ ಯಂತ್ರಗಳಲ್ಲಿ ವಿಂಡೋಸು ಬಿಟ್‌ಲಾಕರ್ ಎಂಬ ಬೀಗವನ್ನು ಡಿಸ್ಕಿಗೆ ಹಾಕಿರುತ್ತದೆ. ಯಜಮಾನನಿಗೆ ಅದರ ಅರಿವೇ ಇಲ್ಲದಿರುವುದೂ ಉಂಟು. ಆ ಬೀಗದ ಗುಟ್ಟನ್ನು ಕಾಯುವ ಟಿ.ಪಿ.ಎಂ. ಎಂಬ ಭಾಗವು ಅನೇಕವೇಳೆ ಪ್ರೊಸೆಸರಿನೊಂದಿಗೇ ಸೇರಿಕೊಂಡಿರುತ್ತದೆ. ಪ್ರೊಸೆಸರನ್ನು ಕಿತ್ತರೆ ಗುಟ್ಟೂ ಅದರೊಡನೆ ಹೋಗುವುದು. ಆಗ ಯಂತ್ರವು ೪೮ ಅಂಕಿಗಳ ಕೀಲಿಯನ್ನು ಕೇಳುತ್ತದೆ. ಅದು ದೊರೆಯದಿದ್ದರೆ ಡಿಸ್ಕು ಕಣ್ಣೆದುರಿಗೇ ಇದ್ದರೂ ಒಳಗಿನ ಒಂದು ಚಿತ್ರವೂ ದಕ್ಕದು. ಎಂಥ ನಿಪುಣನೂ ಅದನ್ನು ತೆರೆಯಲಾರನು. ಹಳೆಯ ಪ್ರೊಸೆಸರನ್ನು ಮಾರಿಬಿಟ್ಟಿದ್ದರಂತೂ ಹೇಳತಕ್ಕುದೇನಿದೆ?

ಆದುದರಿಂದ ಪೆಟ್ಟಿಗೆಯ ತಿರುಪನ್ನು ಬಿಚ್ಚುವುದಕ್ಕೆ ಮುಂಚೆ ಗೃಹಸ್ಥನು ಮಾಡತಕ್ಕ ಕಾರ್ಯಗಳು ನಾಲ್ಕು. ಬೆಲೆಯುಳ್ಳ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ನಕಲು ತೆರೆಯುವುದೇ ಎಂದು ಪರೀಕ್ಷಿಸುವುದು. ಬಿಟ್‌ಲಾಕರಿನ ಕೀಲಿಯನ್ನು ಕಾಗದದಲ್ಲಿ ಬರೆದು ಮನೆಯ ಪತ್ರಗಳೊಡನೆ ಇಡುವುದು. ಆ ಬೀಗವನ್ನು ತಾತ್ಕಾಲಿಕವಾಗಿ ತಡೆಹಿಡಿಯುವುದು. ಕಡೆಯದಾಗಿ, ಹಳೆಯ ಪ್ರೊಸೆಸರು ಇರುವಾಗಲೇ ಬಯೋಸನ್ನು ನವೀಕರಿಸುವುದು. ಇಷ್ಟಾದಮೇಲೆ ಹೊಸ ಪ್ರೊಸೆಸರನ್ನು ಕೂರಿಸಿ ವಿಂಡೋಸ್ ೧೧ಕ್ಕೆ ಹೋಗಬಯಸಿದರೂ, ಯಂತ್ರದ ಉಳಿದ ಅಂಗಗಳು ಅರ್ಹವಾಗಿದ್ದ ಪಕ್ಷದಲ್ಲಿ, ಕಡತಗಳನ್ನು ಉಳಿಸಿಕೊಂಡೇ ಹೋಗುವ ಮಾರ್ಗವುಂಟು.

ಆಪರೇಟಿಂಗ್ ಸಿಸ್ಟಮು ಹೋದರೆ ಮತ್ತೊಮ್ಮೆ ತಂದು ಹಾಕಬಹುದು. ಮಗಳ ಮದುವೆಯ ಚಿತ್ರವನ್ನಾಗಲಿ ನೇಕಾರನ ಹತ್ತು ವರ್ಷಗಳ ವಿನ್ಯಾಸಗಳನ್ನಾಗಲಿ ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು. “ಎಲ್ಲವನ್ನೂ ಅಳಿಸಬೇಕು” ಎಂದು ಹೇಳಿದವನನ್ನು “ಏಕೆ?” ಎಂದು ಒಮ್ಮೆ ಕೇಳಿರಿ. ಮೇಲೆ ಹೇಳಿದ ಅಪವಾದಗಳಲ್ಲಿ ಒಂದನ್ನಾದರೂ ಅವನು ತೋರಿಸದಿದ್ದರೆ ಅಳಿಸಗೊಡಬೇಡಿರಿ.